ಡಿ ಅಂದರೆ ಯಾವ ಕಿವಿ

ಜೂನ್ ೧೦, ಸೋಮವಾರ

ಮುಖ ಹಳೆಯದಾಗಿದೆಯಂತೆ. ನನ್ನದಲ್ಲ, ನನ್ನ ಪ್ರೋಗ್ರಾಮಿನದು.

ಬಿಂದುಮಾಧವರಾವ್ ಎಲ್ಲರ ಮುಂದೆ ಹಾಗಂದರು. "ಅಹೋ ಮಾರ್ತಾಂಡರಾವ್, ಚೆಹರಾ ಜುನಾ ಝಾಲಾ" ಎಂದು ನಕ್ಕರು. ಮಾಲೀಕರು ನಕ್ಕರೆ ಉಳಿದವರೂ ನಗಬೇಕಲ್ಲ, ನಕ್ಕರು. ಇಪ್ಪತ್ತೊಂದು ವರ್ಷದ ಹಿಂದೆ ಕರ್ವೆ ರಸ್ತೆಯ ಒಂದು ಗ್ಯಾರೇಜಿನಲ್ಲಿ ಅವರೂ ನಾನೂ ಇಬ್ಬರೇ ಕೂತು ಬರೆದದ್ದು ಅದು. ಆಗ ಈ ನಗುವವರಲ್ಲಿ ಅರ್ಧ ಜನ ಇನ್ನೂ ಬಾಲವಾಡಿಯಲ್ಲಿದ್ದರು.

ನಮ್ಮದು ಕಿವಿ ಪರೀಕ್ಷೆಯ ಯಂತ್ರ. ಮಗು ಹೆಡ್‌ಫೋನ್ ಹಾಕಿಕೊಂಡು ಕೂರುತ್ತದೆ. ಒಂದೊಂದೇ ಕಿವಿಗೆ ಸಣ್ಣ ಶಿಳ್ಳೆಯಂಥ ಸದ್ದು ಹೋಗುತ್ತದೆ. ಕೇಳಿಸಿದರೆ ಮಗು ಗುಂಡಿ ಒತ್ತುತ್ತದೆ. ಕಂಪ್ಯೂಟರಿನ ಪರದೆಯ ಮೇಲೆ ನಕ್ಷೆ ಮೂಡುತ್ತದೆ: ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಕತ್ತರಿ ಗುರುತು. ಗುರುತು ಕೆಳಗಿಳಿದಷ್ಟೂ ಕಿವಿ ಮಂದ. ಇದಿಷ್ಟನ್ನೂ ನಡೆಸುವುದು ನನ್ನ ಸಿ ಪ್ಲಸ್ ಪ್ಲಸ್, ಒಳಗಿನ ಲೆಕ್ಕದಿಂದ ಹಿಡಿದು ಹೊರಗಿನ ಕಿಟಕಿಯ ತನಕ.

ಇನ್ನು ಮೇಲೆ ಒಳಗಿನದಷ್ಟೇ ನನ್ನದಂತೆ. ಕಿಟಕಿ, ಗುಂಡಿ, ನಕ್ಷೆ ಎಲ್ಲ ಪೈಥಾನ್ ಭಾಷೆಯಲ್ಲಿ ಹೊಸದಾಗಿ ಆಗಬೇಕಂತೆ. ಬರೆಯುವವಳು ಶ್ರದ್ಧಾ ಎಂಬ ಒಬ್ಬ ಹುಡುಗಿ. ಮೂರು ತಿಂಗಳ ಪ್ರೊಬೇಷನ್ ಮೇಲೆ ಸೇರಿದವಳು. ಮೂಲ ಕುಂದಾಪುರದ ಕಡೆಯವರು, ಅಪ್ಪ ದೇವದಾಸ್ ಎಂಬವರು ಇಂದೋರಿನಲ್ಲಿ ಹೋಟೆಲ್ ಇಟ್ಟಿದ್ದಾರಂತೆ, ಹುಟ್ಟಿ ಬೆಳೆದದ್ದೆಲ್ಲ ಅಲ್ಲೇ. ಕನ್ನಡ ಬರುತ್ತದೆ, ಅವರ ಕಡೆಯ ಕನ್ನಡ.

"ಸರ್, ನಿಮ್ಮ ಕೋಡಿಗೆ ನಾನು ಕೈ ಹಾಕುದಿಲ್ಲ. ಹೊರಗಿಂದ ಕರೀತೇನೆ, ಅಷ್ಟೇ" ಅಂದಳು.

"ಕರಿಯಾಕ ಅದೇನು ನಾಯೇನವಾ?" ಅಂದೆ.

ಜುಲೈ ಐದರ ಶುಕ್ರವಾರ ಯಂತ್ರ ಬಾರಾಮತಿ ಕಡೆಯ ಹಳ್ಳಿ ಶಾಲೆಗಳಿಗೆ ಹೋಗಬೇಕು. ನಾನೂರು ಮಕ್ಕಳ ತಪಾಸಣೆ. ನಾಲ್ಕು ವಾರವೂ ಇಲ್ಲ.

ಜೂನ್ ೧೨, ಬುಧವಾರ

ಈ ಪುಸ್ತಕವನ್ನು ಬೇರೆ ಯಾರೂ ಓದುವುದಿಲ್ಲ, ಆದ್ದರಿಂದ ಬರೆಯುತ್ತೇನೆ. ನನ್ನ ಬಲಗಿವಿ ಹೋಗುತ್ತಿದೆ.

ಕಳೆದ ದೀಪಾವಳಿಯಿಂದ. ಮೊದಲು ಪಟಾಕಿಯ ಸದ್ದಿಗೆ ಮುಚ್ಚಿಕೊಂಡಿದೆ, ತೆರೆದುಕೊಳ್ಳುತ್ತದೆ ಎಂದುಕೊಂಡೆ. ತೆರೆದುಕೊಳ್ಳಲಿಲ್ಲ. ಈಗ ಫೋನು ಎಡಕ್ಕೆ. ಮೀಟಿಂಗಿನಲ್ಲಿ ಬಲಕ್ಕೆ ಗೋಡೆ ಬರುವ ಹಾಗೆ ಕೂರುತ್ತೇನೆ. ಯಾರಾದರೂ ಆ ಕಡೆಯಿಂದ ಮಾತಾಡಿಸಿದರೆ ಹೂಂ ಅನ್ನುತ್ತೇನೆ. ಹೂಂ ಅಂದರೆ ಜನ ತೃಪ್ತಿಯಿಂದ ಎದ್ದು ಹೋಗುತ್ತಾರೆ. ಅವರಿಗೆ ಬೇಕಾದದ್ದು ಅಷ್ಟೇ ಎಂದು ಐವತ್ನಾಲ್ಕನೇ ವಯಸ್ಸಿಗೆ ತಿಳಿಯಿತು.

ಯಂತ್ರ ಹೊರಗೆ ಹೋಗುವ ಮೊದಲು ಎರಡೂ ಬದಿಯ ಸದ್ದು ಕೇಳಿ ಕಾಗದದ ಮೇಲೆ ಸಹಿ ಹಾಕುವವನು ನಾನು. ನನ್ನ ಸಹಿಯಿಲ್ಲದೆ ಇಪ್ಪತ್ತೊಂದು ವರ್ಷದಲ್ಲಿ ಒಂದು ಯಂತ್ರವೂ ಹೊಸ್ತಿಲು ದಾಟಿಲ್ಲ. ಈಗ ಬಲಬದಿಯನ್ನು ಹೇಗೆ ಕೇಳುತ್ತೇನೆ? ಹೆಡ್‌ಫೋನನ್ನು ತಿರುಗಿಸಿ ಹಾಕಿಕೊಳ್ಳುತ್ತೇನೆ. ಎರಡನ್ನೂ ಎಡಗಿವಿಯೇ ಕೇಳುತ್ತದೆ. ಸದ್ದು ಸರಿಯಿದೆಯೋ ಇಲ್ಲವೋ ಅದಂತೂ ಗೊತ್ತಾಗುತ್ತದೆ. ಮೋಸ ಎನ್ನುವಂಥದ್ದಲ್ಲ. ಒಂಬತ್ತು ಯಂತ್ರಗಳು ಹೀಗೇ ಹೋಗಿವೆ.

ಆದರೆ ಕಿವಿ ಕೇಳದವನು ಕಿವಿಯ ಯಂತ್ರಕ್ಕೆ ಸಹಿ ಹಾಕುತ್ತಾನೆಂದು ತಿಳಿದರೆ ನಾಳೆಯೇ ಕುರ್ಚಿ ಹೋಯಿತು. ಅನುಸೂಯಾಗೂ ಹೇಳಿಲ್ಲ. ಹೆಂಡತಿಗೆ ಹೇಳಿದರೆ ಕೋಥರೂಡಿನ ನಮ್ಮ ಇಡೀ ಹೌಸಿಂಗ್ ಸೊಸೈಟಿಗೆ ಹೇಳಿದಂತೆ.

ಜೂನ್ ೧೮, ಮಂಗಳವಾರ

ಎರಡು ದಿನ ಹಾಳು. ಅವಳ ಪೈಥಾನು ನನ್ನ ಪ್ರೋಗ್ರಾಮನ್ನು ಬಾಗಿಲೊಳಗೇ ಬಿಟ್ಟುಕೊಳ್ಳುವುದಿಲ್ಲ. ನನ್ನದು ಮೂವತ್ತೆರಡು ಬಿಟ್ಟಿನ ಕಾಲದ್ದು, ಅವಳದು ಅರವತ್ನಾಲ್ಕರದು. ಎಲ್ಲವನ್ನೂ ಮತ್ತೆ ಕಟ್ಟಬೇಕಾಯಿತು. ಕಟ್ಟಿಕೊಟ್ಟೆ. ಒಳಗೆ ಬಂದದ್ದೇ ತಡ ಬಿದ್ದು ಸತ್ತಿತು. ಯಾಕೆಂದರೆ ನಾನು ದಶಾಂಶದ ಸಂಖ್ಯೆ ಕಳಿಸುತ್ತಿದ್ದೇನೆ, ಅವಳು ಪೂರ್ಣಾಂಕ ಎಂದುಕೊಂಡು ಹಿಡಿಯುತ್ತಿದ್ದಾಳೆ.

ಅವಳಿಗೆ ನಮ್ಮ ಇಂಡಿ ಊರಿನ ದನದ ಸಂತೆಯ ಕಥೆ ಹೇಳಿದೆ. ಸಿಟ್ಟಿನಲ್ಲೇ ಹೇಳಿದೆ, ಆದರೂ ಕಥೆ ಕಥೆಯೇ. ಅಲ್ಲಿ ದಲ್ಲಾಳಿ ಬಾಯಿ ಬಿಡುವುದಿಲ್ಲ. ಕೊಳ್ಳುವವನ ಕೈಯನ್ನೂ ಮಾರುವವನ ಕೈಯನ್ನೂ ಟವೆಲ್ಲಿನ ಕೆಳಗೆ ಹಿಡಿಯುತ್ತಾನೆ. ಬೆರಳೇ ಮಾತು. ಒಮ್ಮೆ ಗಡಿಯಾಚೆಯಿಂದ ಬಂದವನೊಬ್ಬ ಎರಡು ಬೆರಳು ಹಿಡಿದ. ನಮ್ಮೂರಿನವನು ಎರಡು ಸಾವಿರ ಎಂದು ತಿಳಿದು ಎತ್ತಿನ ಹಗ್ಗ ಕೊಟ್ಟ. ಬಂದವನ ಲೆಕ್ಕದಲ್ಲಿ ಅದು ಇನ್ನೂರು. ಟವೆಲ್ಲು ತೆಗೆದ ಮೇಲೆ ಹೊಡೆದಾಟ. ಇಬ್ಬರೂ ಸುಳ್ಳು ಹೇಳಿರಲಿಲ್ಲ. ನಮ್ಮಜ್ಜಿ ಈ ಕಥೆಯನ್ನು ಹೇಳುವಾಗ ಇಲ್ಲಿಗೆ ನಿಲ್ಲಿಸಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು.

"ಹಾಗಾದ್ರೆ ಯಾವ ಬೆರಳಿಗೆ ಎಷ್ಟು ಅಂತ ನೀವು ಬರೆದು ಕೊಡಿ ಅಲ್ಲ ಸರ್" ಅಂದಳು.

"ನೋಡವಾ, ಇದು ನಿಮ್ಮಪ್ಪನ ಹೋಟೆಲ್ ಅಲ್ಲ, ಕೇಳಿದ್ದೆಲ್ಲಾ ಟೇಬಲ್ಲಿಗೆ ಬರಾಕ."

"ನಮ್ಮ ಹೋಟೆಲಲ್ಲಿ ಇಲ್ಲ ಅಂತ ಆದ್ರೂ ಉತ್ತರ ಬರ್ತದೆ ಸರ್."

ಬಾಯಿ ನೋಡಿ ಅವಳದು! ಆಮೇಲೆಯೂ ಮೂರು ನಾಲ್ಕು ಸಲ ಬಂದು ಏನೇನೋ ಗೊಣಗಿದಳು. ಈಗಿನವರಿಗೆ ಬಾಯಿ ಬಿಟ್ಟು ಮಾತಾಡಲು ಏನು ರೋಗ? ಹೂಂ ಹೂಂ ಎಂದು ಸಾಗಹಾಕಿದೆ.

ಜೂನ್ ೨೧, ಶುಕ್ರವಾರ

ಬಿಳಿ. ಪರದೆಯೆಲ್ಲ ಬಿಳಿ. ಸದ್ದು ಶುರುವಾದ ತಕ್ಷಣ ಅವಳ ಚಂದದ ಕಿಟಕಿ ಕಲ್ಲಾಗಿ ನಿಲ್ಲುತ್ತದೆ. ಗುಂಡಿ ಒತ್ತಿದರೆ ಇಲ್ಲ, ಮುಚ್ಚಿದರೆ ಇಲ್ಲ. ಎಲ್ಲರನ್ನೂ ಕರೆದು ತೋರಿಸಿದೆ. "ಇದೇ ನೋಡ್ರಿ ಹೊಸಾ ಚೆಹರಾ, ಹೆಣದ ಚೆಹರಾ" ಅಂದೆ.

ಅವಳು ಅಳಲಿಲ್ಲ. "ಸರ್, ನಿಮ್ಮ ಫಂಕ್ಷನ್ ಸದ್ದು ಮುಗಿಯುವ ತನಕ ವಾಪಸ್ ಬರುದೇ ಇಲ್ಲ. ಅದು ಒಳಗೆ ಕೂತ್ರೆ ನನ್ನ ಕಿಟಕಿ ಹೊರಗೆ ಕಾದು ಕೂರ್ತದೆ. ಮತ್ತೆ ಹೆಣ ಯಾರು?" ಅಂದಳು. ಬಿಂದುಮಾಧವರಾವ್ ಕೆಮ್ಮಿದರು. ಅದು ಕೆಮ್ಮಲ್ಲ.

ಹಳೆಯ ಪ್ರೋಗ್ರಾಮಿನಲ್ಲಿ ಸದ್ದಿಗೆ ಬೇರೆ ದಾರಿ, ಕಿಟಕಿಗೆ ಬೇರೆ ದಾರಿ ನಾನೇ ಮಾಡಿದ್ದೆ. ಇವರು ಕಿಟಕಿ ಕಿತ್ತಾಗ ಆ ದಾರಿಯೂ ಹೋಯಿತು. ಅದನ್ನು ಯಾರೂ ಹೇಳಲಿಲ್ಲ. ಹೇಳಿದರೂ ಗೊಣಗಿರಬೇಕು. ಸಂಜೆಯೊಳಗೆ ಅವಳೇ ಬೇರೆ ದಾರಿ ಹಾಕಿದಳು. ಬಿಳಿ ಹೋಯಿತು. ನನಗೆ ಸಿಟ್ಟು ಹೋಗಲಿಲ್ಲ.

ಜೂನ್ ೨೭, ಗುರುವಾರ

ಪೈಥಾನ್ ಎಷ್ಟು ಕೆಲಸಕ್ಕೆ ಬಾರದ್ದು ಎಂದು ತೋರಿಸಲು ನಾನೇ ಕೂತು ಹನ್ನೊಂದು ಸಾಲು ಬರೆದೆ. ಹಳೆಯ ಪರೀಕ್ಷೆಯ ಕಡತಗಳನ್ನೆಲ್ಲ ತೆರೆದು ಓದಿ ಪಟ್ಟಿ ಮಾಡುವಂಥದ್ದು. ಸಿ ಪ್ಲಸ್ ಪ್ಲಸ್‌ನಲ್ಲಿ ಎರಡು ದಿನ ಹಿಡಿಯುತ್ತಿತ್ತು. ಹನ್ನೊಂದು ಸಾಲಿಗೆ ನಡೆದುಬಿಟ್ಟಿತು. ಒಂದು ಕೆಲಸ ಮಾಡಲು ಮೈ ಬೆವರದಿದ್ದರೆ ಅದೇನು ಭಾಷೆ?

ಸಾಲಿನ ಮುಂದೆ ಎಷ್ಟು ಜಾಗ ಬಿಡಬೇಕು ಎಂಬುದಕ್ಕೂ ಅರ್ಥವಿದೆಯಂತೆ ಅದರಲ್ಲಿ. ಶ್ರದ್ಧಾ ಹಿಂದೆ ನಿಂತು ನೋಡಿ, "ಮೂರನೇ ಸಾಲು ಒಂದು ಹೆಜ್ಜೆ ಒಳಗೆ ಹೋಗ್ಬೇಕು ಸರ್" ಅಂದಳು. ಗದರಿಸಿ ಕಳಿಸಿ, ಅವಳು ಹೋದ ಮೇಲೆ ಒಳಗೆ ತಳ್ಳಿದೆ.

ಜುಲೈ ೧, ಸೋಮವಾರ

ಯಾತ್ರೆಯ ಪಾಲಖಿ ಊರಲ್ಲಿದೆ, ರಸ್ತೆಯೆಲ್ಲ ಬಂದ್. ಕೋಥರೂಡಿನಿಂದ ಆಫೀಸಿಗೆ ಒಂದೂವರೆ ತಾಸು. ಹೋಗಿ ನೋಡಿದರೆ ಎಲ್ಲರೂ ಯಂತ್ರದ ಮುಂದೆ ಸಾಲು ನಿಂತಿದ್ದಾರೆ, ಹೊಸ ಕಿಟಕಿಯಲ್ಲಿ ಒಬ್ಬೊಬ್ಬರ ಕಿವಿ ಪರೀಕ್ಷೆ. ಬಿಂದುಮಾಧವರಾವ್ ಕೂತರು, ಶ್ರದ್ಧಾ ಕೂತಳು, ಬೆಸುಗೆ ಹಾಕುವ ಚನ್ನವೀರ, ಲೆಕ್ಕದ ಮುಕ್ತಾ, ಎಲ್ಲರೂ ಕೂತರು. ಎಲ್ಲರ ನಕ್ಷೆಯೂ ಅಂದವಾಗಿ ಬಂತು, ಕೆಂಪೂ ನೀಲಿಯೂ ಒಂದರ ಮೇಲೊಂದು, ಜೋಡೆತ್ತಿನ ಹಾಗೆ.

"ಮಾರ್ತಾಂಡರಾವ್, ಬಸಾ ಆತಾ" ಎಂದು ಕುರ್ಚಿ ತೋರಿಸಿದರು.

"ನನಗ ಕೆಲಸ ಅದ, ಆಟ ಆಡಾಕ ಪುರಸೊತ್ತಿಲ್ಲ" ಎಂದು ಹೊರಟು ಬಂದೆ. ಎಲ್ಲರೂ ಮುಖ ಮುಖ ನೋಡಿಕೊಂಡರು. ನೋಡಿಕೊಳ್ಳಲಿ.

ಜುಲೈ ೩, ಬುಧವಾರ

ಊಟದ ಹೊತ್ತಿನಲ್ಲಿ ಎಲ್ಲರೂ ಕೆಳಗೆ ಹೋದಾಗ ಸದ್ದಿಲ್ಲದ ಗಾಜಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಹೆಸರಿನ ಜಾಗದಲ್ಲಿ ಶಿವಪ್ಪ ಎಂದು ಹಾಕಿದೆ. ಯಾಕೆ ಹೋದೆ? ಆ ಕಿಟಕಿಯಲ್ಲಿ ಒಂದು ತಪ್ಪು ಹಿಡಿಯಬೇಕು ಎಂದು ಹೋದೆ. ಎಷ್ಟು ಕೆಳಗೆ ಇಳಿದಿದ್ದೇನೆಂದು ನೋಡಬೇಕು ಎಂದೂ ಇರಬಹುದು.

ಎಡಕ್ಕೆ ಸದ್ದು ಬಂತು, ಒತ್ತಿದೆ. ಎಲ್ಲ ಕೇಳಿಸಿತು. ಬಲಕ್ಕೆ ಬಹಳ ಹೊತ್ತು ಏನೂ ಇಲ್ಲ, ಆಮೇಲೆ ಎಲ್ಲೋ ದೂರದ ಬಾವಿಯಲ್ಲಿ ಬಿದ್ದ ಹಾಗೆ. ಹೊರಗೆ ಬಂದು ಪರದೆ ನೋಡಿದೆ. ಕೆಂಪು ಸೊನ್ನೆಗಳು ಮೇಲೆ ಚೆನ್ನಾಗಿ ನಿಂತಿವೆ. ನೀಲಿ ಕತ್ತರಿಗಳು ಒಂದೊಂದೇ ಮೆಟ್ಟಿಲಿಳಿದು ಅರವತ್ತಕ್ಕೆ ಹೋಗಿ ಕೂತಿವೆ.

ಎಡವೂ ಹೋಯಿತೇ? ಅನುಸೂಯಾಗೆ ಫೋನ್ ಹಚ್ಚಿ ಎಡಕ್ಕೆ ಹಿಡಿದೆ. "ಏನ್ರೀ, ಡಬ್ಬಿಯಾಗಿನ ಖಾರ ಜಾಸ್ತಿ ಆತೇನು?" ಅಂದಳು. ಸ್ಪಷ್ಟ. ಬಲಕ್ಕೆ ಹಿಡಿದೆ, ನೊಣದ ಸದ್ದು.

ಕಿವಿ ಸರಿಯಿದೆ. ಅಂದರೆ ಕೆಟ್ಟ ಬಲಗಿವಿ ಕೆಟ್ಟೇ ಇದೆ, ಒಳ್ಳೆಯ ಎಡಗಿವಿ ಒಳ್ಳೆಯದೇ ಇದೆ. ಅದಲುಬದಲಾಗಿರುವುದು ನಕ್ಷೆ!

ಅವಳ ಕೋಡು ತೆರೆದೆ, ಹತ್ತು ನಿಮಿಷದಲ್ಲಿ ಸಿಕ್ಕಿತು. ಯಾವ ಕಿವಿಗೆ ಸದ್ದು ಹೋಗಬೇಕೆಂದು ಅಂಕೆಯಲ್ಲಿ ಹೇಳುತ್ತೇವೆ, ಅದು ಸರಿಯಿದೆ. ಉತ್ತರ ವಾಪಸ್ಸು ಬರುವಾಗ ಮಾತ್ರ ನನ್ನ ಪ್ರೋಗ್ರಾಮು ಒಂದು ಇಂಗ್ಲಿಷ್ ಅಕ್ಷರ ಕೊಡುತ್ತದೆ, ಡಿ ಅಥವಾ ಬಿ. ಗ್ಯಾರೇಜಿನ ಕಾಲದಲ್ಲಿ ಎಡಗಿವಿಯ ಭಾಗ ಬರೆದವರು ಬಿಂದುಮಾಧವರಾವ್, ಮರಾಠಿಯ ಡಾವಾ ಎಂದು ಡಿ ಇಟ್ಟರು. ಬಲಗಿವಿಯ ಭಾಗ ಬರೆದವನು ನಾನು, ಬಲ ಎಂದು ಬಿ ಇಟ್ಟೆ. ಇಬ್ಬರ ಬಾಯಲ್ಲೂ ಎರಡೂ ಭಾಷೆ, ಹಾಗಾಗಿ ಇಪ್ಪತ್ತೊಂದು ವರ್ಷ ಅದು ವಿಚಿತ್ರ ಎಂದೂ ಅನಿಸಲಿಲ್ಲ. ಈ ಮಹಾರಾಯಿತಿ ಇಂದೋರಿನ ಶಾಲೆಯಲ್ಲಿ ಓದಿದವಳು. ಅವಳ ಹಿಂದಿಯಲ್ಲಿ ಡಿ ಅಂದರೆ ದಾಯಾ, ಬಲ. ಬಿ ಅಂದರೆ ಬಾಯಾ, ಎಡ. ಸರಿಯಾಗಿ ತಿರುಗುಮುರುಗು.

ಆಫೀಸಿನಲ್ಲಿ ಎಲ್ಲರದೂ ಎರಡೂ ಕಿವಿ ಒಂದೇ ಸಮ. ಕೆಂಪಿನ ಜಾಗದಲ್ಲಿ ನೀಲಿ ಬಂದರೆ ಯಾರಿಗೆ ತಿಳಿದೀತು? ಒಂದು ಕಿವಿ ಕೆಟ್ಟವನೊಬ್ಬನಿಂದಲೇ ಅದು ಸಿಕ್ಕಬೇಕು. ಅವನು ಸಾಲಿನಲ್ಲಿ ನಿಲ್ಲದೆ ಹೊರಟು ಬಂದಿದ್ದ.

ಶುಕ್ರವಾರ ಈ ಯಂತ್ರ ಮಕ್ಕಳ ಹತ್ತಿರ ಹೋಗುತ್ತದೆ. ಕೆಟ್ಟ ಕಿವಿಯನ್ನು ಬಿಟ್ಟು ಒಳ್ಳೆಯ ಕಿವಿಗೆ ಶ್ರವಣಯಂತ್ರ ತೊಡಿಸಿ ಕಳಿಸುತ್ತಾರೆ, ಮಗು ಹೇಳಿದರೆ ಯಾರೂ ನಂಬುವುದಿಲ್ಲ, ಕಾಗದ ಹೇಳುತ್ತಿದೆಯಲ್ಲ! ಮೈಯೆಲ್ಲ ಉರಿಯುತ್ತಿದೆ. ಸಿಕ್ಕಿಬಿದ್ದಳು.

ಜುಲೈ ೪, ಗುರುವಾರ

ಕೋಡು ಓದುವಾಗ ಕಣ್ಣಿಗೆ ಬಿತ್ತು ಎಂದು ಬಿಂದುಮಾಧವರಾಯರಿಗೆ ಹೇಳಿದೆ. ಸುಳ್ಳೇನಲ್ಲ, ಓದಿದ್ದೂ ಹೌದು.

ಅವರು ಇಷ್ಟು ಸಿಟ್ಟಾದದ್ದನ್ನು ನಾನು ಕಂಡಿಲ್ಲ. ಎಲ್ಲರನ್ನೂ ನಿಲ್ಲಿಸಿ ಶ್ರದ್ಧಾಗೆ ಹಿಂದಿಯಲ್ಲಿ ಗದರಿದರು. ಎಡ ಬಲ ಗೊತ್ತಿಲ್ಲದವಳು ಕಿವಿಯ ಯಂತ್ರಕ್ಕೆ ಯಾಕೆ ಕೈ ಹಾಕಿದೆ, ನಾಳೆ ಮಷಿನ್ ಹೋಗಲಿ, ಆಮೇಲೆ ನೀನೂ ಹೋಗು, ಮೂರು ತಿಂಗಳು ತುಂಬುವುದೂ ಬೇಡ.

ಅವಳ ಮುಖ ಕೆಂಪಾಯಿತು. "ನಾನು ಕೇಳಿದ್ದೆ. ಮಾರ್ತಾಂಡ ಸರ್ ಹತ್ರ ಕೇಳಿದ್ದೆ."

"ಯಾವಾಗ ಕೇಳೀದಿ?" ಅಂದೆ.

"ಹದಿನೆಂಟಕ್ಕೆ. ಬೆರಳಿನ ಕಥೆ ಹೇಳಿದ ದಿನ. ಡಿ ಅಂದ್ರೆ ದಾಯಾ, ಬಿ ಅಂದ್ರೆ ಬಾಯಾ, ಸರಿ ಅಲ್ವಾ ಸರ್ ಅಂತ ಕೇಳಿದೆ. ಶಾಲೆಯಲ್ಲಿ ಕವಾಯತಿಗೆ ದಾಹಿನೆ ಮುಡ್, ಬಾಯೆ ಮುಡ್ ಅಂತ ಕಲ್ತದ್ದು, ನನಗೆ ಅದೇ ಬರೂದು, ಅದಕ್ಕೇ ಗಟ್ಟಿ ಮಾಡ್ಕೊಳ್ಳುವ ಅಂತ ಕೇಳಿದ್ದು. ನೀವು ಹೂಂ ಹೇಳಿದ್ರಿ. ಎರಡು ಸಲ ಹೂಂ ಹೇಳಿದ್ರಿ."

"ಸುಳ್ಳು ಹೇಳಬ್ಯಾಡ!" ಎಂದು ಕೂಗಿದೆ. "ನನ್ನ ಮುಂದ ನಿಂತು ಕೇಳಿದ್ರ ನನಗ ನೆನಪಿರತಿರಲಿಲ್ಲೇನು?"

"ಮುಂದೆ ಅಲ್ಲ, ಇಲ್ಲಿ ನಿಂತಿದ್ದೆ. ಪ್ರಿಂಟರಿನ ಹತ್ರ. ಕಾಗದ ತೆಗೀತಾ ಕೇಳಿದ್ದು."

ಸುಳ್ಳಿ, ಸುಳ್ಳಿ ಎಂದು ದಾರಿಯುದ್ದಕ್ಕೂ ಬೈದುಕೊಂಡು ಬಂದೆ. ವನಾಜ್ ಹತ್ತಿರ ಸಿಗ್ನಲ್ಲಿಗೆ ಸ್ಕೂಟರ್ ನಿಲ್ಲಿಸಿಕೊಂಡು ನನ್ನ ಮೇಜನ್ನು ಕಣ್ಣ ಮುಂದೆ ತಂದುಕೊಂಡೆ.

ಪ್ರಿಂಟರ್ ನನ್ನ ಬಲಕ್ಕಿದೆ.

ಜುಲೈ ೫, ಶುಕ್ರವಾರ

ಬೆಳಿಗ್ಗೆ ಉಪ್ಪಿಟ್ಟನ್ನು ಅರ್ಧಕ್ಕೇ ಬಿಟ್ಟು ಎದ್ದೆ. ದಾರಿಯಲ್ಲಿ ಎಲ್ಲರ ಮೇಲೂ ಹಾರ್ನ್ ಹೊಡೆದೆ. ಸುಮ್ಮನಿದ್ದರೆ ಏನಾಗುತ್ತದೆ ಎಂದು ಲೆಕ್ಕ ಹಾಕಿದೆ. ತಪ್ಪು ತಿದ್ದಿಯಾಗಿದೆ, ಮಕ್ಕಳಿಗೆ ತೊಂದರೆಯಿಲ್ಲ, ನನ್ನ ಕುರ್ಚಿ ನನಗೆ. ಹುಡುಗಿ ಹೋಗುತ್ತಾಳೆ, ಅವಳಿಗೇನು, ಇಂಥ ಕೈಯಿರುವವಳಿಗೆ ನಾಳೆಯೇ ಬೇರೆ ಕೆಲಸ. ಲೆಕ್ಕ ಎಲ್ಲ ಸರಿ ಬಂತು. ಅದರ ಮೇಲೇ ಹೆಚ್ಚು ಸಿಟ್ಟು ಬಂತು.

ವ್ಯಾನು ಎರಡಕ್ಕೆ. ಹನ್ನೆರಡೂವರೆಗೆ ಬಿಂದುಮಾಧವರಾವ್ ತಪಾಸಣೆಯ ಕಾಗದವನ್ನೂ ಪೆನ್ನನ್ನೂ ನನ್ನ ಮುಂದೆ ಇಟ್ಟರು. ಶ್ರದ್ಧಾ ತನ್ನ ಮೇಜಿನ ಸಾಮಾನು ಚೀಲಕ್ಕೆ ತುಂಬುತ್ತಿದ್ದಳು.

ಪೆನ್ನು ಮುಟ್ಟಲಿಲ್ಲ. "ಶ್ರದ್ಧಾ, ಬಾರವಾ ಇಲ್ಲಿ. ನನ್ನ ಕಿವಿ ಪರೀಕ್ಷಾ ಮಾಡು" ಅಂದೆ.

"ನೀವೇ ಮಾಡ್ಕೊಳ್ಳಿ."

"ಮಾಡ್ಕೊಂಡೀನಿ. ಈಗ ಎಲ್ಲಾರೂ ನೋಡ್ಲಿ."

ಗಾಜಿನ ಕೋಣೆಯಲ್ಲಿ ಕೂತೆ. ಹೊರಗೆ ಆರು ಜನ ಪರದೆಯ ಸುತ್ತ. ಒಳಗಿನಿಂದ ನನಗೆ ಪರದೆ ಕಾಣುವುದಿಲ್ಲ, ಅವರ ಮುಖ ಕಾಣುತ್ತದೆ. ಎಡಗಿವಿ ಮುಗಿಯುವ ತನಕ ಮುಕ್ತಾ ನಗುತ್ತಿದ್ದಳು. ಬಲಗಿವಿ ಶುರುವಾದ ಮೇಲೆ ಒಬ್ಬೊಬ್ಬರದೇ ನಗು ಇಳಿಯಿತು. ನಾನು ಗುಂಡಿ ಒತ್ತದೆ ಕೂತೇ ಇದ್ದೆ. ಸದ್ದು ಬರುತ್ತಿದೆ ಎಂದು ಅವರ ಕಣ್ಣಿನಿಂದ ತಿಳಿಯುತ್ತಿತ್ತು, ನನ್ನ ಕಿವಿಯಿಂದಲ್ಲ.

ಹೊರಗೆ ಬಂದಾಗ ಕೆಂಪು ಸೊನ್ನೆಗಳು ಅರವತ್ತರಲ್ಲಿದ್ದವು. ಈಗ ಸರಿಯಾದ ಕಡೆ.

"ಕಧೀಪಾಸೂನ?" ಎಂದರು ಬಿಂದುಮಾಧವರಾವ್. ಯಾವಾಗಿನಿಂದ ಎಂದು.

"ದೀಪಾವಳಿಯಿಂದ. ಆಕೀ ಕೇಳಿದ್ದು ಖರೆ. ನಾನೇ ಕೇಳಿಸಿಕೊಂಡಿಲ್ಲ. ಆಕೀ ತಪ್ಪಿಲ್ಲ ಇದರಾಗ."

ಅವರು ಗೋಡೆಯ ಕ್ಯಾಲೆಂಡರ್ ಕಡೆ ನೋಡಿ ಬೆರಳು ಮಡಿಸಿ ಎಣಿಸಿದರು. "ಒಂಬತ್ತು ಮಷಿನ್" ಎಂದು ಕನ್ನಡದಲ್ಲೇ ಅಂದರು. ಹೆಡ್‌ಫೋನ್ ತಿರುಗಿಸಿದ್ದನ್ನು ಹೇಳಿದೆ. ಕೇಳಿ ಇನ್ನೂ ಸಿಟ್ಟಾದರು. ಒಂಬತ್ತನ್ನೂ ಮತ್ತೆ ನೋಡಿ ಬರಬೇಕು, ನನ್ನ ಸಂಗಡ ಎರಡು ಕಿವಿ ಇರುವವರೊಬ್ಬರು ಬರಬೇಕು, ನನ್ನ ಸಹಿ ಇನ್ನು ನಡೆಯುವುದಿಲ್ಲ. ಪೆನ್ನನ್ನು ನನ್ನ ಮುಂದಿನಿಂದ ತೆಗೆದು ಶ್ರದ್ಧಾ ಕೈಗೆ ಕೊಟ್ಟು ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಇಪ್ಪತ್ತೊಂದು ವರ್ಷದಲ್ಲಿ ಆ ಬಾಗಿಲು ಹಾಕಿದ್ದು ನಾನು ನೋಡಿರಲಿಲ್ಲ.

ಶ್ರದ್ಧಾ ಏನಾದರೂ ಒಳ್ಳೆಯ ಮಾತು ಆಡುತ್ತಾಳೆ ಎಂದುಕೊಂಡಿದ್ದೆ. ಮನುಷ್ಯ ಎಷ್ಟು ಪೆದ್ದನಿರುತ್ತಾನೆ.

"ಒಂದು ತಿಂಗಳು ಬೈದ್ರಿ ನನಗೆ!" ಎಂದು ಕಿರುಚಿದಳು. "ಗೊಣಗ್ತಾಳೆ ಗೊಣಗ್ತಾಳೆ ಅಂತ ಎಲ್ಲರ ಹತ್ರ ಹೇಳಿದ್ರಿ. ನಾನು ಮನೆಗೆ ಹೋಗಿ ಕನ್ನಡಿ ಮುಂದೆ ನಿಂತು ಜೋರಾಗಿ ಮಾತಾಡ್ಲಿಕ್ಕೆ ಕಲ್ತೆ, ಗೊತ್ತುಂಟಾ? ಕೇಳುದಿಲ್ಲ ಅಂತ ಒಂದು ಮಾತು ಹೇಳಿದ್ರೆ ಎಂತ ಹೋಗ್ತಿತ್ತು ನಿಮ್ಮದು? ನಿನ್ನೆ ಸುಳ್ಳಿ ಅಂದ್ರಿ. ನಿನ್ನೆ ಅಪ್ಪನಿಗೆ ಫೋನ್ ಮಾಡಿ ಕೆಲಸ ಹೋಯ್ತು ಅಂದೆ!"

ಒಂದು ಅಕ್ಷರವೂ ಬಿಡದೆ ಎಲ್ಲ ಕೇಳಿಸಿತು.

ಆಮೇಲೆ ಮೂಗು ಒರೆಸಿಕೊಂಡು ಹೆಡ್‌ಫೋನ್ ಹಾಕಿಕೊಂಡಳು. ಎಡ, ಬಲ, ಮತ್ತೆ ಎಡ, ಮತ್ತೆ ಬಲ. ವ್ಯಾನಿನವನು ಎರಡು ಸಲ ಬಂದು ಹೋದ. ಮೂರು ಸಲ ಪೂರ್ತಿ ಕೇಳಿದ ಮೇಲೆಯೇ ಸಹಿ ಹಾಕಿದಳು. ನಾನು ಒಂದೇ ಸಲ ಕೇಳುತ್ತಿದ್ದೆ, ಎರಡು ಕಿವಿ ಇದ್ದಾಗಲೂ.

ಜುಲೈ ೬, ಶನಿವಾರ

ಅನುಸೂಯಾಗೆ ಹೇಳಿದೆ. ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು, ತಲೆ ಎತ್ತಲಿಲ್ಲ.

"ಗೊತ್ತದ" ಅಂದಳು.

"ಏನು ಗೊತ್ತದ?"

"ಬಲಗಿವಿ. ಸಂಕ್ರಾಂತಿಯಿಂದ ನಾ ಯಾಕ ನಿಮ್ಮ ಎಡಮಗ್ಗಲಿಗೆ ಮಲಗಾಕತ್ತೀನಿ ಅಂತ ತಿಳ್ದೀರಿ? ಫ್ಯಾನಿನ ಗಾಳಿ ತಡೆಯಂಗಿಲ್ಲ ಅಂದ್ನಿ, ನಂಬಿಬಿಟ್ರಿ."

ಸಿಟ್ಟು ನೆತ್ತಿಗೇರಿತು ನನಗೆ. ಆರು ತಿಂಗಳು! ಆರು ತಿಂಗಳು ನಾನು ಗೋಡೆ ನೋಡಿ ಕೂತದ್ದು, ಫೋನು ಬದಲಿಸಿದ್ದು, ಎಲ್ಲ ಇವಳಿಗೆ ಗೊತ್ತು!

"ಗೊತ್ತಿದ್ದಾಕಿ ಒಂದು ಮಾತು ಹೇಳಾಕ ನಿನಗ ಬಾಯಿ ಇರಲಿಲ್ಲೇನು?" ಎಂದು ಕೂಗಿದೆ.

"ಹೇಳೀನ್ರಿ" ಅಂದಳು, ಸೊಪ್ಪಿನ ಬುಟ್ಟಿ ಕೊಡವುತ್ತ. "ಬಲಮಗ್ಗಲಿಗೆ ಮಲಗತಿದ್ದಾಗ, ಮೂರು ಸಲ ಹೇಳೀನಿ."